ನೆನಪುಳ್ಳ ಹೊಯ್ಗೆ

ಸಿದ್ಧಕಟ್ಟೆ ದಾಟಿದ ಮೇಲೆ ಬಸ್ಸಿನಲ್ಲಿ ಜನ ಕಡಿಮೆಯಾದರು, ಬಿಸಿಲು ಜಾಸ್ತಿಯಾಯಿತು. ಸಂಪತ್‌ಕುಮಾರ ಕಿಟಕಿಯ ಕಡೆಗೆ ಜರುಗಿ ಕೂತ. ಮೂಡುಬಿದಿರೆಯ ಕಾಲೇಜಿನಲ್ಲಿ ಕೊನೆಯ ಪಾಠ ಮುಗಿಸಿ ಕೈಯನ್ನು ಸರಿಯಾಗಿ ತೊಳೆಯದೆ ಹೊರಟು ಬಂದಿದ್ದ. ಸೀಮೆಸುಣ್ಣದ ಹುಡಿ ಬೆರಳಿನ ಗೆರೆಗಳಲ್ಲಿ ಇನ್ನೂ ಕೂತಿತ್ತು. ಬಂಟ್ವಾಳದಲ್ಲಿ ಅವನ ಶಿಷ್ಯೆ ಹಸ್ನಾಳ ಮನೆಯಲ್ಲಿ ಇವತ್ತು ಅವನಿಗೆ ಊಟ. ಅವಳ ಪ್ರಬಂಧ ಸೋಮವಾರ ಬೈಂಡಿಂಗಿಗೆ ಹೋಗುತ್ತದೆ, ಅದರ ಖುಷಿಗೆ. ಸಂತೋಷಪಡಬೇಕಾದ ದಿನ. ಸಂತೋಷ ಇತ್ತು ಕೂಡ, ಇಲ್ಲವೆಂದಲ್ಲ, ಆದರೆ ಅದರ ಅಡಿಯಲ್ಲಿ ಇನ್ನೇನೋ ಇತ್ತು, ಹಾಸಿಗೆಯಡಿಯಲ್ಲಿ ಯಾರೋ ಒಂದು ಅಡಕೆ ಇಟ್ಟುಬಿಟ್ಟ ಹಾಗೆ. ದೂರದ ಗುಡ್ಡದ ಮೇಲೆ ಅಕ್ಕಪಕ್ಕ ಎರಡು ಸಣ್ಣ ಉಬ್ಬುಗಳು ಕಂಡವು. ಅವನು ತಟ್ಟನೆ ಕಣ್ಣು ಬೇರೆ ಕಡೆಗೆ ತಿರುಗಿಸಿದ. ಈಚೆಗೆ ಇದೊಂದು ರೋಗವಾಗಿಬಿಟ್ಟಿತ್ತು. ಅಕ್ಕಪಕ್ಕ ಎರಡು ಸಣ್ಣ ವಸ್ತು ಕಂಡರೆ ಸಾಕು, ಮನಸ್ಸು ಮುದುಡಿಕೊಳ್ಳುತ್ತಿತ್ತು. ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರು ತೆಗೆದ ಮೇಲೆ ಉಳಿದ ಎರಡು ಮೊಳೆ. ಕಾಲೇಜಿನ ವಾಚ್‌ಮನ್ ಚನಿಯಪ್ಪನ ಕೆನ್ನೆಯ ಎರಡು ಗುಳ್ಳೆ. ಪಾಪ, ನಿನ್ನೆ ಬೆಳಿಗ್ಗೆ ಆತ ನಮಸ್ಕಾರ ಹೇಳಿದಾಗ ಇವನು ಅವನ ಕೆನ್ನೆಯನ್ನೇ ನೋಡುತ್ತ ನಿಂತಿದ್ದ, ಚನಿಯಪ್ಪ ಮುಜುಗರದಿಂದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದ.

ಎರಡು ಸಣ್ಣ ಪೀಕುಗಳು, ಗ್ರಾಫಿನ ಗೆರೆಯಲ್ಲಿ ಎದ್ದ ಎರಡು ಮೊನೆ. ಅಷ್ಟೇ. ಹಸ್ನಾ ಅರೆದ ಹೊಳೆಯ ಕಪ್ಪು ಹೊಯ್ಗೆಯ, ಆ ಮರಳಿನ, ಎಕ್ಸ್‌ರೇ ಗ್ರಾಫಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಪೀಕುಗಳೆಲ್ಲ ತಮ್ಮತಮ್ಮ ಜಾಗದಲ್ಲಿ ಹಾಜರಿ ಕೊಟ್ಟ ಹುಡುಗರ ಹಾಗೆ ನಿಂತಿದ್ದವು. ಮೂವತ್ತೈದೂವರೆ ಡಿಗ್ರಿಯಲ್ಲಿ ಎಲ್ಲರಿಗಿಂತ ಎತ್ತರದ್ದು. ಅದರ ಬುಡದಲ್ಲಿ, ಸ್ವಲ್ಪ ಈಚೆಗೆ, ಮೂವತ್ತೆರಡರ ಹತ್ತಿರ ಒಂದು, ಮೂವತ್ತನಾಲ್ಕರ ಹತ್ತಿರ ಒಂದು, ಇದ್ದೂ ಇಲ್ಲದಂತೆ ತಲೆಯೆತ್ತಿದ್ದವು. "ಸರ್, ಇವು ಎರಡು ಯಾವುವು?" ಎಂದು ಹಸ್ನಾ ಪೆನ್ಸಿಲಿನ ತುದಿಯಿಂದ ತೋರಿಸಿದ್ದಳು. ಅವಳು ಹಾಗೆಯೇ, ಯಾವುದನ್ನೂ ತೋರಿಸದೆ ಬಿಡುವವಳಲ್ಲ. "ಅದು ನಾಯ್ಸ್ ಮಾರಾಯ್ತಿ, ಯಂತ್ರದ ಕಿರಿಕಿರಿ, ಬಿಡು" ಎಂದಿದ್ದ ಅವನು. ಆಗ ಮೇಜಿನ ಮೇಲೆ ಇನ್ನೊಂದು ಗ್ರಾಫು ಇತ್ತು, ಅವನ ಕಣ್ಣೆಲ್ಲ ಅದರ ಮೇಲೆ. ಅವಳು ಇನ್ನೊಂದು ದಿನವೂ ಕೇಳಿದಳು, ಮತ್ತೂ ಒಂದು ದಿನ ಕೇಳಿದಳು. ಕೊನೆಗೆ ಕೇಳುವುದನ್ನು ನಿಲ್ಲಿಸಿದಳು. ಅವಳು ನಿಲ್ಲಿಸಿದ ಮೇಲೆಯೇ ಆ ಪೀಕುಗಳು ಅವನ ಬೆನ್ನುಹತ್ತಿದ್ದು.

ಆ ಇನ್ನೊಂದು ಗ್ರಾಫು ದೂರದ ಊರಿನ ದೊಡ್ಡ ಪ್ರಯೋಗಾಲಯದಿಂದ ನವೆಂಬರಿನಲ್ಲಿ ಬಂದಿತ್ತು. ಅದರಲ್ಲಿ ಒಂದು ಕುಣಿಕೆ. ಅವನು ತರಗತಿಯಲ್ಲಿ ವರ್ಷವರ್ಷವೂ ಹೇಳುವ ಮಾತು ಉಂಟು: ಕಬ್ಬಿಣದ ಆಕ್ಸೈಡನ್ನು ಅರೆದು ಅರೆದು ಹತ್ತು ನ್ಯಾನೋಮೀಟರಿಗೆ ಇಳಿಸಿದರೆ ಆ ಕಣಕ್ಕೆ ಮರೆವು ಬರುತ್ತದೆ. ಅಯಸ್ಕಾಂತ ಹತ್ತಿರ ಇರುವಷ್ಟು ಹೊತ್ತು ಅದು ಹೇಳಿದ ದಿಕ್ಕಿಗೆ ತಿರುಗುತ್ತದೆ, ಅಯಸ್ಕಾಂತ ದೂರ ಹೋದೊಡನೆ ಎಲ್ಲ ಮರೆತು ತನ್ನಷ್ಟಕ್ಕೆ ತಾನು ಸುತ್ತುತ್ತದೆ. ಗ್ರಾಫು ತೆಗೆದರೆ ಹೋದ ದಾರಿಯಲ್ಲೇ ವಾಪಸು ಬರುವ ಒಂದೇ ಗೆರೆ. ನೆನಪಿದ್ದರೆ ಮಾತ್ರ ಹೋಗುವ ಗೆರೆ, ಬರುವ ಗೆರೆ ಬೇರೆಬೇರೆಯಾಗಿ ನಡುವೆ ಕುಣಿಕೆ ಬಿಚ್ಚಿಕೊಳ್ಳುತ್ತದೆ. ಘಟ್ಟದ ಕೆಳಗಿನ ಈ ಕಪ್ಪು ಹೊಯ್ಗೆ, ನೆರಿಯದ ಕಾಡಿನ ತೋಡುಗಳಿಂದ ಇಳಿದು ಬಂಟ್ವಾಳದ ತನಕ ಹರಿದು ಬರುವ ಹೊಯ್ಗೆ, ಬೇರೆ ಕಡೆಯದ್ದರಂತಲ್ಲ, ಅದಕ್ಕೆ ಒಂಚೂರು ಕೋಬಾಲ್ಟ್ ಬೆರೆಸಿದರೆ ಅಷ್ಟು ಸಣ್ಣದಾದ ಮೇಲೂ ಅದು ಮರೆಯುವುದಿಲ್ಲ ಎನ್ನುವುದು ಅವನ ಹಳೆಯ ವಾದ. ತೊಂಬತ್ತೊಂದರಲ್ಲಿ ಮೈಸೂರಿನ ಒಂದು ಸೆಮಿನಾರಿನಲ್ಲಿ ಅದನ್ನು ಹೇಳಿದ್ದ. ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಕನ್ನಡಕ ಒರೆಸಿಕೊಳ್ಳುತ್ತ, "ನಿಮ್ಮೂರಿನ ಮರಳಿಗೆ ಅಷ್ಟೊಂದು ಜ್ಞಾಪಕಶಕ್ತಿ ಇದೆಯೇನ್ರೀ?" ಎಂದರು. ಸಭೆ ನಕ್ಕಿತು. ನಕ್ಕರೆ ನಗಲಿ, ಅದನ್ನು ಮರೆಯಬಹುದಿತ್ತು. ಅವನೂ ಅವರ ಜತೆ ನಕ್ಕಿದ್ದ. ಮೈಕಿನ ಮುಂದೆ ನಿಂತು ಹಲ್ಲು ಬಿಟ್ಟು, ತನ್ನದೇ ಮಾತಿಗೆ ತಾನೇ ಹೀಯಾಳಿಕೆ ಸೇರಿಸಿ ನಕ್ಕಿದ್ದ. ಹದಿನೈದು ವರ್ಷದಿಂದ ಆ ನಗು ಅವನ ಮುಖದಲ್ಲಿ ಎಲ್ಲೋ ಅಂಟಿಕೊಂಡೇ ಇತ್ತು, ಕನ್ನಡಿಯಲ್ಲಿ ಗಡ್ಡ ಕೆರೆಯುವಾಗ ಕೆಲವು ದಿನ ಸಿಗುತ್ತಿತ್ತು.

ಹಸ್ನಾಳ ಗ್ರಾಫಿನಲ್ಲಿ ಕುಣಿಕೆ ಬಿಚ್ಚಿಕೊಂಡಿತ್ತು. ಕೋಬಾಲ್ಟ್ ಇಲ್ಲದ ಮೊದಲಿನ ಹೊಯ್ಗೆಯಲ್ಲಿ ಒಂದೇ ಗೆರೆ. ಕೋಬಾಲ್ಟ್ ಬೆರೆಸಿದ ಎರಡನೆಯ ಹೊಯ್ಗೆಯಲ್ಲಿ ಹೊಟ್ಟೆ ತುಂಬಿದ ಕುಣಿಕೆ. ಆ ದಿನ ಅವನು ಮನೆಗೆ ಹೋಗುವಾಗ ಹಾಡು ಗುನುಗಿದ್ದನಂತೆ. ಹಾಗೆಂದು ಹೆಂಡತಿ ಮನೋರಮಾ ಹೇಳಿದಳು, ಅವನಿಗೆ ಗೊತ್ತಿಲ್ಲ. "ಏನು, ಇವತ್ತು ಭಾರೀ ಖುಷಿಯಲ್ಲಿದ್ದೀರಿ?" ಎಂದು ಕೇಳಿದ್ದಳು. ಅವನು ಹೊಯ್ಗೆಗೆ ನೆನಪು ಉಂಟು ಎಂದ. ಅವಳು ಅವನ ಹಣೆ ಮುಟ್ಟಿ ನೋಡಿದಳು. ಅಂದಿನಿಂದ ಎರಡು ತಿಂಗಳು ಅವನು ಎಲ್ಲಿ ನಡೆದರೂ ನೆಲದಿಂದ ಒಂದಂಗುಲ ಮೇಲೆ ನಡೆದ. ಹೊಟೇಲಿನಲ್ಲಿ ಮಾಣಿ ತಪ್ಪಿ ಕಾಫಿಯ ಬದಲು ಚಾ ತಂದರೂ ಕುಡಿದ. ಈಗ ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ಓಡುವ ಗೇರುಮರಗಳನ್ನು ನೋಡುತ್ತ ಅವನಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿ ಬಂತು. ಅದೇ ಮೈಸೂರಿನ ಸಭಾಂಗಣ. ನೆಲವೆಲ್ಲ ಕಪ್ಪು ಹೊಯ್ಗೆ. ಕುರ್ಚಿಗಳು ಮಂಡಿಯ ತನಕ ಹೂತಿವೆ, ಕೂತವರೆಲ್ಲ ಎದ್ದು ಹೋಗಲಾರದೆ ಅವನ ಮಾತನ್ನು ಪೂರ್ತಿ ಕೇಳಬೇಕಾಗಿದೆ. ಅವನು ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಹೇಳುತ್ತಿದ್ದಾನೆ. ಎಷ್ಟು ಚಂದ ಹೇಳುತ್ತಿದ್ದಾನೆಂದರೆ ಅವನಿಗೇ ಕಣ್ಣಲ್ಲಿ ನೀರು ಬರುತ್ತಿದೆ. ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ತಲೆಗಳು ಮಾತ್ರ ಅವನ ಕಡೆ ನೋಡುತ್ತಿಲ್ಲ. ಕಂಡಕ್ಟರು "ಬಂಟ್ವಾಳ ಪೇಟೆ, ಪೇಟೆ" ಎಂದು ಬಾಗಿಲು ಬಡಿದಾಗ ಅವನು ಗಾಬರಿಬಿದ್ದು ಎದ್ದ.

ಹಸ್ನಾಳ ತಂದೆ ಉಮ್ಮರ್ ಬಸ್ಸು ನಿಲ್ಲುವಲ್ಲೇ ಕಾಯುತ್ತಿದ್ದರು. ಬಿಳಿ ಮುಂಡು, ಇಸ್ತ್ರಿ ಹಾಕಿದ ಅಂಗಿ, ಬಿಸಿಲಿಗೆ ಕೊಡೆ. ಪೇಟೆಯಲ್ಲಿ ಅವರನ್ನು ಮೈಕಿನ ಉಮ್ಮರ್ ಬ್ಯಾರಿ ಎನ್ನುತ್ತಾರೆ. ಮದುವೆಗೆ, ಯಕ್ಷಗಾನದ ಆಟಕ್ಕೆ, ಉರೂಸಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ ಅವರದು. ಕೊಡೆಯನ್ನು ಸಂಪತ್‌ಕುಮಾರನ ತಲೆಯ ಮೇಲೆ ಹಿಡಿದು, ತಾವು ಬಿಸಿಲಲ್ಲಿ ನಡೆದರು. ಅವನು ಎಷ್ಟು ಬೇಡವೆಂದರೂ ಕೇಳಲಿಲ್ಲ.

"ನಿಮ್ಮ ಮೂಡುಬಿದಿರೆ ಬಸದಿಗೂ ನಾನು ಮೈಕ್ ಕಟ್ಟಿದ್ದುಂಟು ಸಾರ್. ಆವಾಗ ನೀವು ಸಣ್ಣ ಪ್ರಾಯ ಇರ್ಬೇಕು. ಬನ್ನಿ, ಮೊದಲು ಅಂಗಡಿಗೆ ಹೋಗುವ. ನಿಮಗೊಂದು ತೋರಿಸ್ಲಿಕ್ಕುಂಟು."

ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಹಾರ್ನುಗಳು, ಸುತ್ತಿಟ್ಟ ವಯರು, ಹೊಟ್ಟೆ ಬಿಚ್ಚಿದ ಪೆಟ್ಟಿಗೆಗಳು. ಕಿಟಕಿಯಿಂದ ನೇತ್ರಾವತಿ ಕಾಣುತ್ತಿತ್ತು. ಬೇಸಿಗೆಯ ನೀರು ಆಚೆ ದಡಕ್ಕೆ ಸರಿದು ಈಚೆಗೆ ಉದ್ದಕ್ಕೂ ಹೊಯ್ಗೆ ಬಿದ್ದಿತ್ತು. ಉಮ್ಮರ್ ಕಪಾಟಿನಿಂದ ಒಂದು ಬಟ್ಟೆಯ ಗಂಟು ತೆಗೆದು, ಮಗುವಿನ ಬೆಳ್ಳಿ ಉಡಿದಾರ ತೋರಿಸುವವರ ಹಾಗೆ ಬಿಚ್ಚಿದರು. ಸ್ಪೀಕರಿನ ಹಿಂಬದಿಯಲ್ಲಿರುವ ಉಂಗುರದಂಥ ಕಪ್ಪು ಮ್ಯಾಗ್ನೆಟ್ಟು.

"ಇದೇ ಸಾರ್, ನಿಮ್ಮ ಡಾಕ್ಟ್ರೇಟಿನ ಮ್ಯಾಗ್ನೆಟ್ಟು. ಮೊದಲನೇ ಸಲ ಇದರಲ್ಲಿ ಕಪ್ಪು ಹೊಯ್ಗೆ ಹಿಡೀಲಿಕ್ಕೆ ಹಸ್ನಾಳೇ ಹೊಳೆಗೆ ಹೋಗಿದ್ಳು. ಎರಡನೇ ಸಲ ಅವಳಿಗೆ ಹಾಸ್ಟೆಲಿಂದ ಬರ್ಲಿಕ್ಕೆ ಆಗ್ಲಿಲ್ಲ. ನಾನು ತೆಗ್ದು ಕೊಡ್ತೇನೆ ಅಂತ ಹೇಳಿದೆ. ಪ್ಲಾಸ್ಟಿಕ್ ಕಟ್ಟಿಯೇ ಮಾಡ್ಬೇಕು ಉಪ್ಪಾ ಅಂತ ಫೋನಲ್ಲಿ ಹೇಳಿದ್ಳು. ಪ್ಲಾಸ್ಟಿಕ್ ಕಟ್ಟಿದ್ರೆ ಎಲ್ಲಿ ಹಿಡೀತದೆ ಸಾರ್? ಅರ್ಧ ಜೋರೇ ಹೋಗ್ತದೆ. ಇಡೀ ದಿನ ನೀರಲ್ಲಿ ನಿಂತ್ರೂ ಒಂದು ಮುಷ್ಟಿ ಆಗ್ಲಿಲ್ಲ. ತೆಗ್ದು ಬಿಸಾಡಿದೆ. ಹಾಗೇ ಹೊಯ್ಗೆಗೆ ಹಾಕಿದೆ. ಹೇಗೆ ಹಿಡೀತು ಗೊತ್ತುಂಟಾ!"

"ಮತ್ತೆ ಬಿಡಿಸಿದ್ದು ಹೇಗೆ?" ಸಂಪತ್‌ಕುಮಾರನ ಸ್ವರ ಅವನಿಗೇ ದೂರದಿಂದ ಕೇಳಿಸಿತು.

"ಅದೇ ಕಷ್ಟ. ಕೈಗೆ ಬರುದೇ ಇಲ್ಲ. ಕತ್ತಿಯಲ್ಲಿ ಕೆರೆದೆ. ಕೆರೆದು ಕೆರೆದು ನೋಡಿ, ಮ್ಯಾಗ್ನೆಟ್ಟೇ ಸವೆದು ಹೋಗಿದೆ." ಉಮ್ಮರ್ ನಕ್ಕರು. "ಈ ಬದಿ ಸ್ವಲ್ಪ ಒಡೆದೂ ಹೋಯ್ತು. ಆದ್ರೆ ಒಂದು ಹುಡಿ ಹಾಳು ಮಾಡ್ಲಿಲ್ಲ ಸಾರ್. ಎಲ್ಲ ಡಬ್ಬಕ್ಕೇ ಹಾಕಿದ್ದು. ಹೊಯ್ಗೆ ಒಳ್ಳೇದಿತ್ತು ಅಂತ ನೀವು ಹೇಳಿದ್ರಂತೆ?"

"ಹೌದು. ಒಳ್ಳೇದಿತ್ತು."

ಉಂಗುರದ ಮೈತುಂಬ ಕತ್ತಿಯ ಗೀರುಗಳು. ಒಂದು ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ಭಾಗವೇ ಇರಲಿಲ್ಲ. ಅವನು ಅದನ್ನು ಕೈಯಲ್ಲಿ ಹಿಡಿದು ತೂಗಿದ. ಸ್ಪೀಕರಿನ ಮ್ಯಾಗ್ನೆಟ್ಟೂ ಕಬ್ಬಿಣದ ಆಕ್ಸೈಡೇ. ಕಾರ್ಖಾನೆಯಲ್ಲಿ ಸ್ಟ್ರಾನ್ಷಿಯಂ ಸೇರಿಸಿ, ಎಂದೆಂದೂ ಮರೆಯಬಾರದು ಎಂದೇ ಮಾಡಿದ್ದು. ಅದರ ಪೀಕು ಎಲ್ಲಿ ಬರುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವನು ಹೇಳಬಲ್ಲ. ಮೂವತ್ತೆರಡು, ಮೂವತ್ತನಾಲ್ಕು. ಇಪ್ಪತ್ತು ವರ್ಷ ಪಾಠ ಮಾಡಿದ್ದಾನೆ. ಹಸ್ನಾ ಪೆನ್ಸಿಲಿನಿಂದ ತೋರಿಸಿದಾಗ ಗೊತ್ತಾಗಲಿಲ್ಲವೆ? ಗೊತ್ತಾಗಲಿಲ್ಲ ಎಂದು ಹೇಳಿದರೆ ಅದು ಸುಳ್ಳಲ್ಲ. ಗೊತ್ತಾಗುವುದಕ್ಕೆ ಅಂಗುಲದಷ್ಟು ಹತ್ತಿರ ಹೋಗಿ, ಬಾಗಿಲು ತಟ್ಟದೆ ವಾಪಸು ಬಂದಿದ್ದ, ಅಷ್ಟೇ. ಆ ಸವೆದ ಹುಡಿ ಹೊಯ್ಗೆಯ ಜತೆ ಡಬ್ಬಕ್ಕೆ ಹೋಗಿ, ಹೊಯ್ಗೆಯ ಜತೆ ಗಿರಣಿಯಲ್ಲಿ ನುಣ್ಣಗಾಗಿ, ಕುಲುಮೆಯಲ್ಲಿ ಕಾದು, ದೂರದ ಊರಿಗೆ ಪ್ರಯಾಣ ಮಾಡಿ, ಅಲ್ಲಿನ ಯಂತ್ರದ ಮುಂದೆ ನೆನಪಿದೆ ನೆನಪಿದೆ ಎಂದು ಹೇಳಿತ್ತು. ನೆನಪಿದ್ದದ್ದು ಹೊಯ್ಗೆಗಲ್ಲ, ಸ್ಪೀಕರಿಗೆ. ಎಷ್ಟು ಮದುವೆಗಳ ಹಾಡು, ಎಷ್ಟು ಭಾಷಣ, ಎಷ್ಟು ಹಲೋ ಮೈಕ್ ಟೆಸ್ಟಿಂಗ್ ಆ ಉಂಗುರದ ಮೂಲಕ ಹೋಗಿರಬೇಕು. ಅವನಿಗೆ ಮೈಸೂರಿನ ಸಭೆ ಮತ್ತೊಮ್ಮೆ ನಕ್ಕದ್ದು ಕೇಳಿಸಿತು. ಈ ಸಲ ಬೇಕೆಂದರೂ ಅವನಿಗೆ ಜತೆ ಸೇರಲು ಆಗಲಿಲ್ಲ.

ಹೊಳೆಯ ಮೇಲೆ ಬಿಸಿಲು ಹಾಸಿಕೊಂಡಿತ್ತು. ಯಾರೋ ಒಬ್ಬರು ದೋಣಿಯಲ್ಲಿ ನಿಂತು ಉದ್ದದ ಬಿದಿರು ಊರುತ್ತಿದ್ದರು, ದೋಣಿ ಮುಂದೆ ಹೋದಂತೆಯೂ ಕಾಣುತ್ತಿರಲಿಲ್ಲ, ನಿಂತಂತೆಯೂ ಕಾಣುತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದು ಅವನೊಳಗೆ ಒಂದು ಸ್ವರ ಬಹಳ ಸೌಮ್ಯವಾಗಿ ಹೇಳಿತು, ಮನೋರಮಾ ಜ್ವರದಲ್ಲಿ ಮಾತಾಡಿಸುವ ಹಾಗೆ. ಉಮ್ಮರ್ ಅವರಿಗೆ ತಾವು ಏನು ಹೇಳಿದೆವೆಂದು ಗೊತ್ತಿಲ್ಲ. ಹಸ್ನಾ ಈ ಉಂಗುರವನ್ನು ಆಮೇಲೆ ನೋಡಿಲ್ಲ. ಪರೀಕ್ಷಕರು ದೂರದವರು, ಅವರಿಗೆ ಹೊಯ್ಗೆ ಅಂದರೆ ಹೊಯ್ಗೆ. ಹುಡುಗಿಗೆ ಪದವಿ ಸಿಗುತ್ತದೆ. ಈ ಮನುಷ್ಯನ ಖುಷಿ ಖುಷಿಯಾಗಿಯೇ ಉಳಿಯುತ್ತದೆ. ಎಲ್ಲರಿಗೂ ಒಳ್ಳೆಯದಾಗುವ ಕೆಲಸಕ್ಕೆ ನೀನೊಬ್ಬ ಯಾಕೆ ಅಡ್ಡ ಬರುತ್ತಿ? ಎಲ್ಲರಿಗೂ ಎಂದು ಹೇಳುವಾಗ ಆ ಸ್ವರ ಅವನ ಹೆಸರು ಸೇರಿಸಲಿಲ್ಲ. ಸೇರಿಸಬೇಕಾಗಿಯೂ ಇರಲಿಲ್ಲ.

"ಉಮ್ಮರ್ ಅವರೇ, ಇದನ್ನು ನಾನು ಇಟ್ಟುಕೊಳ್ಳಬಹುದಾ?" ಎಂದು ಅವನ ಬಾಯಿ ಕೇಳಿತು. "ಕಾಲೇಜಿನಲ್ಲಿ, ನೆನಪಿಗೆ."

ಉಮ್ಮರ್ ಅವರ ಮುಖ ಅರಳಿದ್ದನ್ನು ಅವನು ನೋಡಬೇಕಾಯಿತು. "ಧಾರಾಳ ತಕ್ಕೊಳ್ಳಿ ಸಾರ್! ನಮ್ಮ ಅಂಗಡಿಯದ್ದೊಂದು ನಿಮ್ಮ ಕಾಲೇಜಿನಲ್ಲಿದ್ರೆ ನಮಗೇ ಮರ್ಯಾದೆ" ಎಂದು ಮತ್ತೆ ಬಟ್ಟೆ ಸುತ್ತಿ, ಅವನ ಕೈಚೀಲಕ್ಕೆ ತಾವೇ ಇಳಿಸಿದರು. ಚೀಲ ಭಾರವಾಯಿತು. ಉಂಡು ಹೊರಟ ಮೇಲೆ ಸೇತುವೆಯ ತನಕ ನಡೆದು ಹೋಗಬಹುದು, ಹೊಳೆ ನೋಡುವ ನೆವ ಹೇಳಬಹುದು ಎಂದು ಯೋಚಿಸಿದ್ದು ತಾನೇ ಎಂದು ಅವನಿಗೆ ಆಮೇಲೆ ಹೊಳೆಯಿತು.

ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಹಸ್ನಾ ಮನೋರಮಾಳಿಗೆ ಫೋನು ಮಾಡಿ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಕೇಳಿಕೊಂಡಿದ್ದಳಂತೆ. ಅವನ ಮನೆಯದು ಜೈನರ ನೇಮ: ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಅದಕ್ಕೆಂದೇ ಮಧ್ಯಾಹ್ನದ ಊಟವನ್ನು ಇವರೆಲ್ಲ ಬೇಗ ಮುಗಿಸಿ, ಸಂಜೆ ಐದೂವರೆಗೇ ಮೇಜು ಹಾಕಿದ್ದರು. ಹಸ್ನಾಳ ತಾಯಿ ಆಸ್ಯಮ್ಮ ಅವನಿಗಾಗಿ ಹೊಸ ಪಾತ್ರೆ ತರಿಸಿದ್ದರು; ಬಟ್ಟಲಿನ ಅಡಿಯಲ್ಲಿ ಅಂಗಡಿಯ ಚೀಟಿ ಅರ್ಧ ಕಿತ್ತು, ಅರ್ಧ ಉಳಿದಿತ್ತು. ಕುಡಿಯುವ ನೀರನ್ನು ಹೊಸ ಬಿಳಿ ಬಟ್ಟೆಯಲ್ಲಿ ಗಾಳಿಸಿ ಇಟ್ಟಿದ್ದಾರೆ ಎಂದು ಹಸ್ನಾ ಹೇಳಿದಳು. ಅವನ ಮನೆಯಲ್ಲೇ ಈಗ ಯಾರು ಬಟ್ಟೆಯಲ್ಲಿ ಗಾಳಿಸುತ್ತಾರೆ? ನಲ್ಲಿಗೆ ಒಂದು ಫಿಲ್ಟರು ಸಿಕ್ಕಿಸಿ ಕೈತೊಳೆದುಕೊಂಡಿದ್ದರು. ಆಸ್ಯಮ್ಮನಿಗೆ ಕನ್ನಡ ಅಷ್ಟಾಗಿ ಬರದು, ತುಳುವಿನಲ್ಲಿ ಒಂದೊಂದೇ ಹೆಸರು ಹೇಳುತ್ತ ಬಡಿಸಿದರು. ಅಕ್ಕಿ ರೊಟ್ಟಿ, ತೊಂಡೆಕಾಯಿ ಪಲ್ಯ, ಬಾಳೆಕಾಯಿ, ಹೆಸರುಬೇಳೆಯ ಪಾಯಸ. ಪಾಯಸಕ್ಕೆ ತೆಂಗಿನಹಾಲು ದಪ್ಪಗೆ ಹಾಕಿದ್ದರು. ಅವರ ಮುಂದಿನ ಬಟ್ಟಲುಗಳಲ್ಲೂ ಅದೇ ಊಟ. ಮಬ್ಬು ಹಳದಿ ಬೆಳಕು ಬಾಗಿಲಿನಿಂದ ಬಂದು ಮೇಜಿನ ಅರ್ಧದ ತನಕ ತಲುಪಿ ನಿಂತಿತ್ತು.

ಅವನು ರೊಟ್ಟಿಯ ಒಂದು ತುಂಡು ಮುರಿದ. ಪಲ್ಯಕ್ಕೆ ಅದ್ದಿದ. ಬಾಯಿಗೆ ಹೋಗಲಿಲ್ಲ. ಏನೋ ಮಾತು ತೆಗೆದ, ಪುನಃ ಅದ್ದಿದ. ಹಸ್ನಾ ಇವತ್ತು ಹಸಿರು ತಲೆವಸ್ತ್ರ ಹಾಕಿದ್ದಳು, ಕೈಬೆರಳುಗಳ ತುದಿಯಲ್ಲಿ ಗಿರಣಿಯ ಕಪ್ಪು ಇನ್ನೂ ಹೋಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಸರ್ ಒಳಗೆ ಬರಬಹುದಾ ಎಂದು ಕೇಳಿದ್ದು, ಅವನು ಪತ್ರಿಕೆಯಿಂದ ತಲೆಯೆತ್ತದೆ ಹೂಂ ಎಂದದ್ದು ನೆನಪಾಯಿತು. ಅವಳು ಬೇಕೆಂದೇ ಇವನನ್ನು ಹುಡುಕಿಕೊಂಡು ಬಂದವಳು. ಮಂಗಳೂರಿನಲ್ಲಿ ದೊಡ್ಡ ದೊಡ್ಡವರು ಇದ್ದರು. ಯಾಕೆ ಬಂದೆ ಎಂದು ಒಮ್ಮೆ ಕೇಳಿದಾಗ, ಬಿಎಸ್ಸಿಯಲ್ಲಿ ನೀವು ಒಂದು ಪ್ರಶ್ನೆಗೆ ನನಗೆ ಗೊತ್ತಿಲ್ಲ ಅಂತ ಹೇಳಿದ್ರಿ ಸರ್, ಬೇರೆ ಯಾರೂ ಹಾಗೆ ಹೇಳುದನ್ನು ನಾನು ಕೇಳಿರ್ಲಿಲ್ಲ ಎಂದಿದ್ದಳು. ಆ ಪ್ರಶ್ನೆ ಯಾವುದೆಂದು ಅವನಿಗೆ ನೆನಪಿರಲಿಲ್ಲ. ಬೆಳಕು ಮೇಜಿನ ಅಂಚಿಗೆ ಸರಿಯಿತು. "ಊಟ ಮಾಡಿ ಸಾರ್, ಹೊತ್ತು ಹೋಗ್ತಾ ಉಂಟು" ಎಂದು ಉಮ್ಮರ್ ಎರಡನೇ ಸಲ ಹೇಳಿದರು. ಅವನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ. ಕಾಲ ಬಳಿ ಇಟ್ಟಿದ್ದ ಚೀಲ ತಾನಾಗಿ ಜಿಗಿದು ಕಬ್ಬಿಣದ ಕುರ್ಚಿಯ ಕಾಲಿಗೆ ಠಪ್ಪೆಂದು ಅಂಟಿಕೊಂಡಿತು.

ಎಲ್ಲರೂ ಕೆಳಗೆ ನೋಡಿದರು. ಅವನು ಕಾಲಿನಿಂದ ಚೀಲವನ್ನು ದೂಡಿದ. ಅದು ಬಿಡಲಿಲ್ಲ. ಬಗ್ಗಿ ಎಡಗೈಯಿಂದ ಎಳೆದ. ಬಟ್ಟೆಯ ಚೀಲ ಎಳೆದಷ್ಟು ಉದ್ದವಾಯಿತು, ಕುರ್ಚಿಯೂ ಜತೆಗೆ ಕಿರ್ರೆಂದಿತು. ಐವತ್ತೆರಡು ವರ್ಷದ ಮನುಷ್ಯ, ಬಲಗೈಯಲ್ಲಿ ರೊಟ್ಟಿಯ ತುಂಡು, ಮೇಜಿನಡಿಯಲ್ಲಿ ತಲೆ.

"ಅದು ನಮ್ಮ ಮ್ಯಾಗ್ನೆಟ್ಟು" ಎಂದು ಉಮ್ಮರ್ ಜೋರಾಗಿ ನಕ್ಕರು. "ಸಾರ್ ಕೇಳಿ ತಕ್ಕೊಂಡ್ರು. ನೆನಪಿಗೆ ಅಂತೆ!"

ಹಸ್ನಾ ನಗುತ್ತಲೇ ಬಗ್ಗಿ, "ಎಳೀಬಾರ್ದು ಸರ್, ಜಾರಿಸ್ಬೇಕು" ಎಂದು ಚೀಲವನ್ನು ಒಂದು ಬದಿಗೆ ಜಾರಿಸಿ ಬಿಡಿಸಿದಳು. ಬಟ್ಟೆ ಸರಿದು ಉಂಗುರ ಹೊರಗೆ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಗೀರುಗಳ ಮೇಲೆ ಬೆರಳಾಡಿಸಿದಳು. ಒಡೆದ ಅಂಚಿನ ಹತ್ತಿರ ಬೆರಳು ನಿಂತಿತು. ಆಮೇಲೆ ಅವಳು ಬ್ಯಾರಿ ಭಾಷೆಯಲ್ಲಿ ತಂದೆಗೆ ಒಂದು ಸಣ್ಣ ಪ್ರಶ್ನೆ ಕೇಳಿದಳು. ಪ್ಲಾಸ್ಟಿಕ್ ಎಂಬ ಒಂದು ಶಬ್ದ ಮಾತ್ರ ಅವನಿಗೆ ತಿಳಿಯಿತು. ಉಮ್ಮರ್ ಅಷ್ಟೇ ಉತ್ಸಾಹದಿಂದ ಮೊದಲಿನಿಂದ ಕೊನೆಯ ತನಕ ಹೇಳಿದರು, ಕೈಯಲ್ಲಿ ಕೆರೆದು ತೋರಿಸಿದರು. ಅವಳ ಮುಖದಿಂದ ನಗು ಒಮ್ಮೆಲೇ ಹೋಗಲಿಲ್ಲ. ಹೊಯ್ಗೆಯ ಮೇಲಿನ ನೀರು ಇಂಗುವ ಹಾಗೆ ಇಂಗಿತು.

"ಮೂವತ್ತೆರಡು" ಎಂದಳು. "ಮೂವತ್ತನಾಲ್ಕು."

ಸಂಪತ್‌ಕುಮಾರ ತಟ್ಟೆ ನೋಡಿದ.

"ನಾನು ಕೇಳಿದ್ದೆ ಸರ್."

"ನೀನು ಕೇಳಿದ್ದೆ" ಎಂದ ಅವನು.

"ಮೂರು ಸಲ ಕೇಳಿದ್ದೆ."

"ಹೌದು ಹಸ್ನಾ. ನೀನು ಕೇಳಿದ್ದು ಸರಿ. ಬಿಡು ಅಂತ ಹೇಳಿದವ ನಾನು."

"ಏನಾಯ್ತು?" ಎಂದರು ಉಮ್ಮರ್. ಅವರು ಮಗಳ ಮುಖ ನೋಡಿದರು, ಇವನ ಮುಖ ನೋಡಿದರು, ಕೊನೆಗೆ ಉಂಗುರವನ್ನು ನೋಡಿದರು. "ನಾನು ಏನಾದ್ರೂ ಹಾಳು ಮಾಡಿದ್ನಾ ಸಾರ್?"

ಇದಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂದು ಅವನು ಆ ಅಂಗಡಿಯ ಕೋಣೆಯಿಂದಲೇ ಹೆದರಿದ್ದ. ನಿಮ್ಮದೇನೂ ಇಲ್ಲ, ಉಮ್ಮರ್ ಅವರೇ, ಮ್ಯಾಗ್ನೆಟ್ಟಿನ ಹುಡಿ ಹೊಯ್ಗೆಗೆ ಸೇರಿದೆ, ಅದು ಯಾರ ಕೈಯಿಂದಲೂ ಆಗಬಹುದಾದದ್ದು. ಗ್ರಾಫಿನಲ್ಲಿ ಅದು ಎದ್ದು ಕಾಣುತ್ತಿತ್ತು, ಕಂಡವಳು ಹೇಳಿದಳು, ಕೇಳಬೇಕಾದವನು ಕೇಳಲಿಲ್ಲ ಎಂದು ಹೇಳಿದ. ಹೇಳುತ್ತ ಹೇಳುತ್ತ ತನ್ನ ಮಾತು ಪುಸ್ತಕದ ಮಾತಿನ ಹಾಗೆ ನೆಟ್ಟಗೆ, ಚೊಕ್ಕಟವಾಗಿ ಬರುತ್ತಿರುವುದು ಕೇಳಿ ಅವನಿಗೆ ನಾಚಿಕೆಯಾಯಿತು. ತಪ್ಪು ಒಪ್ಪಿಕೊಳ್ಳುವಾಗಲೂ ಅವನು ಒಬ್ಬ ಒಳ್ಳೆಯ ಮೇಷ್ಟ್ರು. ಹಸ್ನಾ ಅವನ ಮಾತು ಮುಗಿಯುವ ತನಕ ಕಾದಳು.

"ಸರ್, ಅಂಗಡಿಯಲ್ಲಿ ನೋಡಿದಾಗ್ಲೇ ನಿಮಗೆ ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ಅದಕ್ಕೇ ಕೇಳಿ ತಕ್ಕೊಂಡದ್ದಲ್ಲ?"

ಅವನು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಟ್ಟ.

"ಇದು ಕುರ್ಚಿಗೆ ಅಂಟಿಕೊಳ್ಳದಿದ್ರೆ ನೀವು ಹೇಳ್ತಿದ್ರಾ?"

ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಪ್ರಯೋಗಾಲಯದಲ್ಲಿ ಕುಲುಮೆಯ ಉಷ್ಣ ಎಷ್ಟು ಇಟ್ಟಿದ್ರಿ ಎಂದು ಕೇಳುವಾಗ ಇರುವ ಸ್ವರವೇ. ಅವನು ಒಳಗೆ ಹುಡುಕಿದ. ಹೇಳುತ್ತಿದ್ದೆ ಎಂಬ 'ಹೌದು' ಅಲ್ಲೇ, ಕೈಗೆಟಕುವಷ್ಟು ಹತ್ತಿರ ಇತ್ತು; ಸ್ವಲ್ಪ ಹೊತ್ತಾದರೆ, ಊಟವಾದ ಮೇಲೆ, ನಾಳೆ ಕಾಲೇಜಿನಲ್ಲಿ, ಖಂಡಿತ ಹೇಳುತ್ತಿದ್ದೆ. ಅದರ ಪಕ್ಕದಲ್ಲೇ ಸೇತುವೆಯ ಮೇಲೆ ನಿಂತ ಅವನೂ ಇದ್ದ, ಚೀಲ ಹಗುರವಾಗಿ, ಗಾಳಿಗೆ ಕೂದಲು ಹಾರುತ್ತ. ಇಬ್ಬರಲ್ಲಿ ಯಾರು ತಾನೆಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಎಷ್ಟು ಹೊತ್ತು ಹುಡುಕಿದನೋ. ಅವನ ಮುಖ ನೋಡುತ್ತ ಅವರ ಮೂವರ ಊಟವೂ ನಿಂತಿತ್ತು. ಮೇಜಿನ ಅಂಚಿನಲ್ಲಿದ್ದ ಬೆಳಕು ಯಾವಾಗ ನೆಲಕ್ಕಿಳಿಯಿತು, ಹೊಸ್ತಿಲು ದಾಟಿ ಯಾವಾಗ ಹೊರಗೆ ಹೋಯಿತು ಎಂದು ಯಾರೂ ನೋಡಲಿಲ್ಲ.

"ಗೊತ್ತಿಲ್ಲ ಹಸ್ನಾ" ಎಂದ. "ನನಗೆ ಗೊತ್ತಿಲ್ಲ."

ಅವಳು ಉಂಗುರವನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. ಉಮ್ಮರ್ ಅವಳನ್ನು ಬ್ಯಾರಿಯಲ್ಲಿ ಏನೋ ಕೇಳಿದರು, ಅವಳು ಇನ್ನೂ ಒಂದು ವರ್ಷ ಬೇಕು ಉಪ್ಪಾ ಎಂದು ಕನ್ನಡದಲ್ಲೇ ಹೇಳಿದಳು. ಉಮ್ಮರ್ ಸ್ವಲ್ಪ ಹೊತ್ತು ಗಲ್ಲ ಸವರಿಕೊಂಡರು. ಆಮೇಲೆ, "ಹೋದ್ರೆ ಒಂದು ವರ್ಷ ಹೋಗ್ಲಿ. ಹೊಯ್ಗೆ ಹೊಳೆಯಲ್ಲೇ ಉಂಟಲ್ಲ, ಎಲ್ಲಿಗೂ ಹೋಗ್ಲಿಲ್ಲ. ನಾಳೆ ಬೆಳಿಗ್ಗೆ ಹೋಗುವ. ಈ ಸಲ ಪ್ಲಾಸ್ಟಿಕ್ ಕಟ್ಟಿಯೇ ಮಾಡುವ" ಎಂದರು. ಅಷ್ಟರಲ್ಲಿ ಮಸೀದಿಯಿಂದ ಹೊತ್ತು ಮುಳುಗಿದಾಗಿನ ಮಗ್ರಿಬ್‌ನ ಬಾಂಗು ಕೇಳಿತು. ಅವರು ಎದ್ದು ಟೊಪ್ಪಿ ತೆಗೆದುಕೊಂಡು, ಈಗ ಬಂದೆ ಸಾರ್ ಎಂದು ಹೊರಟರು. ಬಾಗಿಲಲ್ಲಿ ಒಂದು ಕ್ಷಣ ನಿಂತು ಬಾಂಗಿನ ಸ್ವರಕ್ಕೆ ಕಿವಿಕೊಟ್ಟು, ಸ್ಪೀಕರು ಸ್ವಲ್ಪ ಒಡೆಯುತ್ತದೆ, ನೋಡಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒಂದು ವರ್ಷ ಕಳೆದುಕೊಂಡವರ ನಡಿಗೆ ಅದಲ್ಲ. ಇಷ್ಟು ಹೊತ್ತು ಈ ಮನೆಯವರಿಗಾಗಿ ತಾನು ಸಂಕಟಪಟ್ಟೆ ಎಂದುಕೊಂಡದ್ದೆಲ್ಲ ಸುಳ್ಳು. ಸತ್ತದ್ದು ತನ್ನ ಕುಣಿಕೆ, ಅಳುವುದಿದ್ದರೆ ತಾನೊಬ್ಬನೇ ಅಳಬೇಕು ಎಂದು ಅವನಿಗೆ ಆಗ ತಿಳಿಯಿತು.

ಹಸ್ನಾ ಎದ್ದು ದೀಪ ಹಾಕಿದಳು. ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹತ್ತಿತು. ಆ ಬಿಳಿ ಬೆಳಕಿನಲ್ಲಿ ಅವನ ಹೊಸ ತಟ್ಟೆ, ಅದರಲ್ಲಿ ಬಡಿಸಿದ್ದೆಲ್ಲ ಬಡಿಸಿದ ಹಾಗೆ, ಮುರಿದ ಒಂದು ತುಂಡು ರೊಟ್ಟಿ. ಆಸ್ಯಮ್ಮ ಅದನ್ನೇ ನೋಡುತ್ತ ನಿಂತಿದ್ದರು. ಅವರಿಗೆ ಗ್ರಾಫು ಗೊತ್ತಿಲ್ಲ, ಪೀಕು ಗೊತ್ತಿಲ್ಲ. ಮಾಡಿದ ಅಡುಗೆಯನ್ನು ಮನೆಗೆ ಬಂದವರು ಮುಟ್ಟಲಿಲ್ಲ ಎಂಬುದು ಗೊತ್ತು. ಇಷ್ಟು ದೊಡ್ಡದನ್ನು ಕಳೆದುಕೊಂಡ ಮೇಲೆ ಹೊತ್ತು ಮುಳುಗಿದ್ದೊಂದು ಲೆಕ್ಕವೆ? ಇದನ್ನಾದರೂ ಸರಿ ಮಾಡಬಹುದು ಎಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ರೊಟ್ಟಿಯ ತುಂಡು ಎತ್ತಿದ.

ಆಸ್ಯಮ್ಮ ಮುಂದೆ ಬಂದು ಅವನ ಕೈಯ ಕೆಳಗಿನಿಂದ ತಟ್ಟೆಯನ್ನು ತೆಗೆದುಬಿಟ್ಟರು.

"ಬೊಡ್ಚಿ ಸಾರ್, ಬೇಡ" ಎಂದರು. ತುಳು ಬಿಟ್ಟು, ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದರು: "ಹೊತ್ತು ಹೋಯ್ತು. ನಿಮ್ಮ ನೇಮ ನಮ್ಮ ಮನೆಯಲ್ಲಿ ಮುರಿಯುದು ಬೇಡ."

"ಪರವಾಗಿಲ್ಲ ಆಸ್ಯಮ್ಮ. ನಾನೇ ಹೇಳ್ತಿದ್ದೇನಲ್ಲ."

"ನೀವು ಹೇಳ್ತೀರಿ" ಎಂದು ಅವರು ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿದರು. "ನಿಮ್ಮ ಹೆಂಡ್ತಿಗೆ ನಾವು ಮಾತು ಕೊಟ್ಟಿದ್ದೇವೆ. ನಾಳೆ ಬನ್ನಿ. ಬೆಳಕಿರುವಾಗ ಬನ್ನಿ."

ಅವನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡು ಕೂತ. ಆಸ್ಯಮ್ಮ ಅಂಗೈ ಚಾಚಿದರು. ಮಗುವಿನಿಂದ ಇಸಕೊಳ್ಳುವ ಹಾಗೆ ಅದನ್ನೂ ಇಸಕೊಂಡು ಒಳಗೆ ಹೋದರು. ಹಸ್ನಾ ಮೇಜು ಒರೆಸುತ್ತಿದ್ದಳು. ಅವನ ಕಡೆಗೆ ನೋಡಲಿಲ್ಲ.

"ಬರ್ತಾರೆ ಉಮ್ಮ" ಎಂದಳು ಒಳಗೆ ಕೇಳುವ ಹಾಗೆ. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತಾರೆ. ಉಪ್ಪ ದಡದಲ್ಲಿ ಕೂತ್ಕೊಳ್ಳಲಿ. ಈ ಸಲ ಸರ್ ನೀರಿಗಿಳೀತಾರೆ."

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ಸಂಪತ್‌ಕುಮಾರ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೂತಲ್ಲಿಂದಲೇ ತಲೆಯಾಡಿಸಿದ. ಅವನಿಗೆ ತುಂಬ ಹಸಿವಾಗಿತ್ತು.